ಕೊನೆಯ ಪಟ್ಟನ್ನೂ ಕಲಿಸಿದ ಗುರು



ಗರಡಿಮನೆಯ ಉಸ್ತಾದನ ಕಥೆಯನ್ನು ನಮ್ಮಲ್ಲಿ ಬಹಳ ಮಂದಿ ಚಿಕ್ಕಂದಿನಲ್ಲಿ ಕೇಳಿದ್ದೇವೆ. ಉಸ್ತಾದ ಶಿಷ್ಯನಿಗೆ ಎಲ್ಲ ಪಟ್ಟುಗಳನ್ನೂ ಕಲಿಸುತ್ತಾನೆ, ಒಂದನ್ನು ಬಿಟ್ಟು. ಮುಂದೊಂದು ದಿನ ಶಿಷ್ಯ ಸೊಕ್ಕಿನಿಂದ ಗುರುವಿಗೇ ತೊಡೆ ತಟ್ಟಿದಾಗ, ಉಳಿಸಿಕೊಂಡಿದ್ದ ಆ ಒಂದು ಪಟ್ಟಿನಿಂದ ಅವನನ್ನು ಚಿತ್ ಮಾಡುತ್ತಾನೆ. ನಮಗೆ ಈ ಕಥೆ ಹೇಳಿದ ಹಿರಿಯರು ಇದನ್ನು ಜಾಣತನದ ಪಾಠವೆಂದೇ ಹೇಳಿದರು. ಆದರೆ ನಾಟಿ ಔಷಧದಿಂದ ಹಿಡಿದು ಅಜ್ಜಿಯ ಸಾರಿನಪುಡಿಯವರೆಗೆ ನಮ್ಮ ಎಷ್ಟೋ ವಿದ್ಯೆಗಳು ಇದೇ ಜಾಣತನದಿಂದ ಬಲ್ಲವರ ಜೊತೆಗೇ ಮಣ್ಣು ಸೇರಿದವು ಎನ್ನುವುದನ್ನು ಯಾರೂ ಹೇಳಲಿಲ್ಲ.

ಈ ಸಲದ ನಮ್ಮ ಬರಹ ಒಂದು ಪಟ್ಟನ್ನೂ ತನಗೆಂದು ಉಳಿಸಿಕೊಳ್ಳದ ಒಬ್ಬ ಉಸ್ತಾದರ ಬಗ್ಗೆ. ಅವರ ಗರಡಿ ಸ್ಯಾನ್ ಫ್ರಾನ್ಸಿಸ್ಕೋದ ಫುಟ್‌ಪಾತು. ವಿದ್ಯೆ, ದೂರದರ್ಶಕ ಕಟ್ಟುವುದು. ಹೆಸರು ಜಾನ್ ಡಾಬ್ಸನ್.

ಅವರ ಹೆಸರು ನಮ್ಮ ಕಿವಿಗೆ ಬಿದ್ದದ್ದು 2004ರ ಜನವರಿಯ ಒಂದು ಶನಿವಾರ. ನಾವು ಮೂರು ಕುಟುಂಬದವರು ಊರಿನಿಂದ ಬಂದಿದ್ದ ಹಿರಿಯರನ್ನು ಕರೆದುಕೊಂಡು ಗೋಲ್ಡನ್ ಗೇಟ್ ಪಾರ್ಕಿಗೆ ಹೋಗಿದ್ದೆವು. ಕತ್ತಲಾದ ಮೇಲೆ ಕಾಫಿ ಹುಡುಕಿಕೊಂಡು ಒಂಬತ್ತನೇ ಅವೆನ್ಯೂ ಮತ್ತು ಅರ್ವಿಂಗ್ ಬೀದಿ ಕೂಡುವ ಮೂಲೆಗೆ ಬಂದಾಗ, ಅಲ್ಲೊಬ್ಬರು ಮರದ ಪೆಟ್ಟಿಗೆಯ ಮೇಲೆ ದೊಡ್ಡ ರಟ್ಟಿನ ಕೊಳವೆಯೊಂದನ್ನು ಓರೆಯಾಗಿ ನಿಲ್ಲಿಸಿಕೊಂಡು, ಹೋಗಿಬರುವವರನ್ನೆಲ್ಲ "ಬನ್ನಿ, ಶನಿಗ್ರಹ ನೋಡಿ" ಎಂದು ಕರೆಯುತ್ತಿದ್ದರು. ಎಷ್ಟು ಡಾಲರ್ ಕೇಳುತ್ತಾರೋ ಎಂದು ನಾವು ಹಿಂದೆಮುಂದೆ ನೋಡಿದೆವು. ಏನೂ ಇಲ್ಲ, ಪುಕ್ಕಟೆ!

ನಮ್ಮ ಜೊತೆ ಗೆಳೆಯರೊಬ್ಬರ ತಾಯಿ ಇದ್ದರು. ತುಮಕೂರಿನವರು, ನಾವೆಲ್ಲ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆವು. ಅವರದು ಕರ್ಕಾಟಕ ರಾಶಿ. ಆಗ ಶನಿ ಮಿಥುನದಲ್ಲಿದ್ದುದರಿಂದ ಪಂಚಾಂಗದ ಲೆಕ್ಕದಲ್ಲಿ ಅವರಿಗೆ ಸಾಡೇಸಾತಿ ನಡೆಯುತ್ತಿತ್ತು. ಅಮೆರಿಕಾಕ್ಕೆ ಬಂದರೂ ಶನಿವಾರದ ಎಳ್ಳೆಣ್ಣೆ ದೀಪ ತಪ್ಪಿಸಿದವರಲ್ಲ. ಶನಿಯ ಹೆಸರು ಕೇಳಿದೊಡನೆ ಎರಡು ಹೆಜ್ಜೆ ಹಿಂದೆ ಸರಿದರು. ಮೊಮ್ಮಗ ಬಿಡಲಿಲ್ಲ, ಕೈ ಹಿಡಿದು ಎಳೆದುಕೊಂಡು ಹೋದ. ಚಪ್ಪಲಿ ಬಿಟ್ಟು, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಮಸೂರಕ್ಕೆ ಒತ್ತಿದರು. ಆ ವರ್ಷ ಶನಿಯ ಉಂಗುರಗಳು ಚೆನ್ನಾಗಿ ನಮ್ಮತ್ತ ವಾಲಿ ಅಗಲವಾಗಿ ಕಾಣುತ್ತಿದ್ದವು. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಬಳೆ ತೊಟ್ಟ ಹಾಗಿದ್ದಾನಲ್ಲೋ! ಇಷ್ಟು ಚೆಲುವನಿಗೇನೋ ನಾನು ಇಷ್ಟು ವರ್ಷ ಹೆದರಿದ್ದು?" ಎಂದರು.

ಇದನ್ನು ಎಲ್ಲಿ ಕೊಂಡಿರಿ ಎಂದು ನಾವು ಕೇಳಿದೆವು. ಕೊಂಡದ್ದಲ್ಲ, ಕನ್ನಡಿಯನ್ನೂ ಸೇರಿಸಿ ನಾನೇ ಮಾಡಿದ್ದು ಎಂದರು ಆತ. ಕಲಿಸಿದವರು ಯಾರು ಎಂದರೆ, ಡಾಬ್ಸನ್.

ಯಾರಪ್ಪಾ ಈ ಡಾಬ್ಸನ್ ಎಂದು ಹುಡುಕುತ್ತಾ ಹೋದ ನಮಗೆ ಸಿಕ್ಕಿದ ಕಥೆ ನಮ್ಮ ನೆಲಕ್ಕೂ ನಂಟು ಇಟ್ಟುಕೊಂಡಿತ್ತು. ಅವರು ಹುಟ್ಟಿದ್ದು 1915ರಲ್ಲಿ, ಚೀನಾದ ಬೀಜಿಂಗಿನಲ್ಲಿ. 1927ರಲ್ಲಿ ಕುಟುಂಬ ಸ್ಯಾನ್ ಫ್ರಾನ್ಸಿಸ್ಕೋಗೆ ಬಂತು. ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ 1943ರಲ್ಲಿ ಪದವಿ ಪಡೆದರು. ದೇವರನ್ನು ನಂಬದ ಆ ಯುವಕ ಒಮ್ಮೆ ವೇದಾಂತದ ಉಪನ್ಯಾಸ ಕೇಳಲು ಹೋದರು. 1944ರಲ್ಲಿ, ಸ್ವಾಮಿ ವಿವೇಕಾನಂದರು 1900ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭಿಸಿದ್ದ ವೇದಾಂತ ಸೊಸೈಟಿಯ ಮಠವನ್ನೇ ಸೇರಿಬಿಟ್ಟರು! ರಾಮಕೃಷ್ಣ ಪರಂಪರೆಯ ಆ ಮಠಜೀವನದಲ್ಲಿ ಅವರು 23 ವರ್ಷ ಇದ್ದರು. ಆಧುನಿಕ ವಿಜ್ಞಾನ ಮತ್ತು ವೇದಾಂತ ಎಲ್ಲಿ ಒಂದನ್ನೊಂದು ಸಂಧಿಸುತ್ತವೆ ಎಂದು ಯೋಚಿಸುವುದು ಅಲ್ಲಿ ಅವರ ಪಾಲಿಗೆ ಬಂದ ಕೆಲಸಗಳಲ್ಲಿ ಒಂದಾಗಿತ್ತು.

ವಿಶ್ವದ ಬಗ್ಗೆ ಯೋಚಿಸುವವನು ಅದನ್ನು ಒಮ್ಮೆ ಕಣ್ಣಾರೆ ನೋಡಬೇಡವೇ? 1956ರಲ್ಲಿ ಹಳೇ ಸಾಮಾನಿನ ಅಂಗಡಿಯ ಮಸೂರ, ಹಳೆಯ ಬೈನಾಕ್ಯುಲರಿನ ನೇತ್ರಕ ಸೇರಿಸಿ ಎರಡು ಇಂಚಿನ ಒಂದು ದುರ್ಬೀನು ಮಾಡಿ ಶನಿಯ ಉಂಗುರ ಕಂಡರು. ಕನ್ನಡಿಯನ್ನು ಕೈಯಿಂದಲೇ ಉಜ್ಜಿ ಮಾಡಬಹುದು ಎಂದು ಮಠದಲ್ಲೇ ಇದ್ದ ಇನ್ನೊಬ್ಬರಿಂದ ತಿಳಿದಾಗ, ಹಡಗಿನ ದುಂಡು ಕಿಟಕಿಯಿಂದ ಬಂದ 12 ಇಂಚಿನ ಗಾಜೊಂದನ್ನು ಹಿಡಿದು ಕೂತರು. ಆ ಕನ್ನಡಿಯಲ್ಲಿ ಮೊದಲು ನೋಡಿದ್ದು ಕೃಷ್ಣಪಕ್ಷದ ಅರ್ಧಚಂದ್ರನನ್ನು. ಹತ್ತಿರ ಹೋಗಿ ಇಳಿಯಲು ಸಿದ್ಧರಾಗಿದ್ದೇವೆ ಎನ್ನುವಂತೆ ಹಳ್ಳಕೊಳ್ಳಗಳು, ಬೆಟ್ಟಗಳು! ಇದನ್ನು ಎಲ್ಲರೂ ನೋಡಬೇಕು ಎಂದು ಆ ಗಳಿಗೆಯಲ್ಲೇ ಅನ್ನಿಸಿತಂತೆ. ಅವರ ಮುಂದಿನ ಐವತ್ತು ಚಿಲ್ಲರೆ ವರ್ಷಗಳ ಬದುಕನ್ನು ನಡೆಸಿದ್ದು ಈ ಒಂದು ಅನ್ನಿಸಿಕೆ.

1958ರಲ್ಲಿ ಅವರನ್ನು ಸ್ಯಾಕ್ರಮೆಂಟೋದ ಮಠಕ್ಕೆ ಕಳಿಸಿದರು. ಅಲ್ಲಿ ಕೈಯಲ್ಲಿ ಕಾಸಿಲ್ಲ, ಕೆಲಸಕ್ಕೆ ಒಪ್ಪಿಗೆಯೂ ಇಲ್ಲ. ದೊಡ್ಡ ಗಾಜಿನ ಜಾಡಿಗಳ ತಳ ಕತ್ತರಿಸಿ ಕನ್ನಡಿ ಉಜ್ಜಿದರು. ಸಿದ್ಧವಾದದ್ದನ್ನು ಅಕ್ಕಪಕ್ಕದ ಬೀದಿಯ ಮಕ್ಕಳಿಗೆ ಕೊಟ್ಟುಬಿಡುತ್ತಿದ್ದರು. ಗೆಳೆಯರಿಗೆ ಬರೆಯುವ ಕಾಗದದಲ್ಲಿ ದೂರದರ್ಶಕ ಎನ್ನುವ ಕಡೆ 'ಜೆರೇನಿಯಂ' ಎನ್ನುವ ಹೂಗಿಡದ ಹೆಸರು! ಕುಂಡದಲ್ಲಿಟ್ಟ ಜೆರೇನಿಯಂ ಎಂದರೆ ಕೊಳವೆಗೂ ಪೆಟ್ಟಿಗೆಗೂ ಜೋಡಿಸಿ ಆಗಿದೆ ಎಂದರ್ಥ. ಹೂ ಬಿಟ್ಟಿದೆ ಎಂದರೆ ಕನ್ನಡಿಗೆ ಅಲ್ಯೂಮಿನಿಯಂ ಲೇಪವೂ ಆಗಿದೆ ಎಂದರ್ಥ.

ನಗು ಬರುತ್ತದೆ, ಆದರೆ ಒಳಗೆ ಇದ್ದದ್ದು ಸಣ್ಣ ಸಂಕಟವಲ್ಲ. ಮಠಕ್ಕೆ ಅದರದೇ ಕ್ರಮವಿದೆ. ಒಬ್ಬ ಸಾಧಕ ರಾತ್ರಿ ಹೊತ್ತು ಬೀದಿಯಲ್ಲಿ ದುರ್ಬೀನು ಉರುಳಿಸಿಕೊಂಡು ಹೋದರೆ ಆಶ್ರಮ ನಡೆಸುವವರು ಏನು ಮಾಡಬೇಕು? ಅವರ ಕಡೆಯಿಂದಲೂ ನ್ಯಾಯವಿದೆ. 1967ರಲ್ಲಿ ಡಾಬ್ಸನ್ ಮಠ ಬಿಟ್ಟು ಹೋಗಬೇಕಾಯಿತು. ಆಗ ವಯಸ್ಸು 51. ಮನೆಯಿಲ್ಲ, ಹಣವಿಲ್ಲ, ಉದ್ಯೋಗವಿಲ್ಲ. ಕಂಡವರ ಕಾರು ಹತ್ತಿಕೊಂಡು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದರು. ಗೆಳೆಯರ ಮನೆಯ ನೆಲವೇ ಹಾಸಿಗೆ, ಅವರು ಹಾಕಿದ್ದೇ ಊಟ. ದೂರದರ್ಶಕ ಮಾತ್ರ ಮತ್ತೆ ಬೀದಿಗೆ ಬಂತು, ಜಾಕ್ಸನ್ ಮತ್ತು ಬ್ರಾಡ್ರಿಕ್ ಬೀದಿಗಳ ಮೂಲೆಗೆ. ಸನ್ಯಾಸಿಯ ಬಟ್ಟೆ ಹೋಯಿತು, ಭಿಕ್ಷೆ ಹೋಗಲಿಲ್ಲ. ಕಾವಿ ಬಿಟ್ಟ ಮೇಲೆಯೇ ಅವರು ಪೂರ್ತಿ ಪರಿವ್ರಾಜಕರಾದರು ಎಂದು ನಮಗೆ ಅನ್ನಿಸುವುದುಂಟು.

1968ರಲ್ಲಿ 'ಸ್ಯಾನ್ ಫ್ರಾನ್ಸಿಸ್ಕೋ ಸೈಡ್‌ವಾಕ್ ಅಸ್ಟ್ರಾನಮರ್ಸ್' ಹುಟ್ಟಿದ ಬಗೆಯೂ ಸೊಗಸು. ಅವರ ಬಳಿ ಕಲಿತ ಬ್ರೂಸ್ ಸ್ಯಾಮ್ಸ್ ಎಂಬ ಹುಡುಗ 12 ಇಂಚಿನ ದೂರದರ್ಶಕ ಮಾಡಿದ್ದ. ಆದರೆ ವಯಸ್ಸು ಸಾಲದು ಎಂದು ಊರಿನ ಹವ್ಯಾಸಿಗಳ ಸಂಘಕ್ಕೆ ಅವನು ಸೇರುವಂತಿರಲಿಲ್ಲ. ಸರಿ, ಅವನೂ ಜೆಫ್ ರೋಲಾಫ್ ಎಂಬ ಇನ್ನೊಬ್ಬ ಹುಡುಗನೂ ಡಾಬ್ಸನ್ನರೂ ಸೇರಿ ಬೇರೆಯೇ ಗುಂಪು ಕಟ್ಟಿದರು. ಹುಡುಗನನ್ನು ಬಾಗಿಲಲ್ಲಿ ನಿಲ್ಲಿಸಿದ್ದಕ್ಕೆ ಬಾಗಿಲೇ ಇಲ್ಲದ ಸಂಘ!

ಇಲ್ಲಿ ಸ್ವಲ್ಪ ಹಿಂದಿನ ಚರಿತ್ರೆ ಹೇಳಬೇಕು. ಅಮೆರಿಕಾದಲ್ಲಿ ಈ ಹವ್ಯಾಸದ ಮೊದಲ ದೊಡ್ಡ ಗುರು ಡಾಬ್ಸನ್ ಅಲ್ಲ, ರಸೆಲ್ ಪೋರ್ಟರ್. 1920ರಲ್ಲಿ ವರ್ಮಾಂಟ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ಪೋರ್ಟರ್ ಅಲ್ಲಿನ ಕಾರ್ಖಾನೆಯ ಕೆಲಸಗಾರರಿಗೆ ಕನ್ನಡಿ ಉಜ್ಜುವುದನ್ನು ಹೇಳಿಕೊಟ್ಟರು. 1925ರಲ್ಲಿ ಆಲ್ಬರ್ಟ್ ಇಂಗಾಲ್ಸ್ ಆ ಬಗ್ಗೆ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಬರೆದ ಮೇಲೆ ದೇಶದ ತುಂಬ ಜನ ಗ್ಯಾರೇಜಿನಲ್ಲಿ ಗಾಜು ಉಜ್ಜತೊಡಗಿದರು. ಪೋರ್ಟರರೂ ಉದಾರಿಯೇ. ಆದರೆ ಅವರ ಶಿಷ್ಯರು ಲೇತ್ ಯಂತ್ರದ ಕೆಲಸ ಬಲ್ಲವರು. ನಕ್ಷತ್ರಗಳ ಜೊತೆ ತಿರುಗುವ ಕಬ್ಬಿಣದ ಪೀಠ ಮಾಡುವುದು ಅವರಿಗೆ ಕಷ್ಟವಲ್ಲ. ಉಳಿದವರಿಗೆ ಕಷ್ಟ, ದುಬಾರಿ. ಹೀಗಾಗಿ ಹವ್ಯಾಸಿಗಳ ದೂರದರ್ಶಕ ಸಾಮಾನ್ಯವಾಗಿ ಆರು ಇಂಚಿನ ಆಸುಪಾಸಿನಲ್ಲೇ ನಿಂತಿತ್ತು.

ಲೇತ್ ಇಲ್ಲದವನು ಏನು ಮಾಡಬೇಕು? ಇದಕ್ಕೆ ಡಾಬ್ಸನ್ ಕೊಟ್ಟ ಉತ್ತರ ಇಷ್ಟು ಸುಲಭವೇ ಎನ್ನಿಸುವಷ್ಟು ಸುಲಭ. ಕೊಳವೆಗೆ, ಕಟ್ಟಡದ ಕಾಂಕ್ರೀಟ್ ಕಂಬ ಹುಯ್ಯಲು ಬಳಸುವ ರಟ್ಟಿನ ಅಚ್ಚು. ಪೀಠಕ್ಕೆ ಪ್ಲೈವುಡ್ಡಿನ ಪೆಟ್ಟಿಗೆ. ಕೊಳವೆಯ ಎರಡು ಮಗ್ಗುಲಿಗೆ ದುಂಡು ಬಿಲ್ಲೆಗಳು; ಅವು ಪೆಟ್ಟಿಗೆಯಲ್ಲಿ ಕೂತು ಮೇಲೆ ಕೆಳಗೆ ಆಡುತ್ತವೆ. ಪೆಟ್ಟಿಗೆ ಎಡಕ್ಕೆ ಬಲಕ್ಕೆ ತಿರುಗುತ್ತದೆ. ತಾಗುವ ಕಡೆ ಟೆಫ್ಲಾನ್ ತುಂಡುಗಳು; ನಮ್ಮ ದೋಸೆ ತವಾಕ್ಕೆ ಬಳಿದಿರುತ್ತದಲ್ಲ, ಅದೇ ಟೆಫ್ಲಾನ್. ಬೆರಳಲ್ಲಿ ತಳ್ಳಿದರೆ ಸರಿಯುತ್ತದೆ, ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಸ್ಕ್ರೂ ಇಲ್ಲ, ಮೋಟಾರ್ ಇಲ್ಲ. ದಪ್ಪ ಗಾಜೇ ಬೇಕೆಂದು ಹೇಳುತ್ತಿದ್ದ ಕಾಲದಲ್ಲಿ ಇವರು ಅಗ್ಗದ ತೆಳು ಗಾಜಿನಲ್ಲಿ ದೊಡ್ಡ ಕನ್ನಡಿ ಮಾಡಿದರು.

1970ರ ಸುಮಾರಿಗೆ ಇವರ ಗುಂಪಿನ ಬಳಿ 24 ಇಂಚಿನ ದೂರದರ್ಶಕವಿತ್ತು. ಆರು ಇಂಚಿನದಕ್ಕಿಂತ ಅದು 16 ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ. ಅದನ್ನು ಹೊತ್ತುಕೊಂಡು ರಾಷ್ಟ್ರೀಯ ಉದ್ಯಾನಗಳಿಗೆ ಹೋಗಿ, ಬೆಟ್ಟ ಕಣಿವೆ ನೋಡಲು ಬಂದವರಿಗೆ ಆಕಾಶ ತೋರಿಸುತ್ತಿದ್ದರು. ಒಮ್ಮೆ ಒಬ್ಬ ಅಧಿಕಾರಿ, ಆಕಾಶ ನಮ್ಮ ಉದ್ಯಾನದ ಭಾಗವಲ್ಲವಲ್ಲ ಎಂದು ತಗಾದೆ ತೆಗೆದಾಗ, ಅಲ್ಲ, ಉದ್ಯಾನವೇ ಆಕಾಶದ ಭಾಗ ಎಂದರಂತೆ ಡಾಬ್ಸನ್.

ಇದಕ್ಕೆಲ್ಲ ಅವರು ಪೇಟೆಂಟ್ ಮಾಡಿಸಲಿಲ್ಲ. 1980ರ ಹೊತ್ತಿಗೆ ಕಂಪೆನಿಗಳು ಇದೇ ಮಾದರಿಯ ದೂರದರ್ಶಕ ಮಾರತೊಡಗಿದವು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಕೇಳಿದರೂ ಹವ್ಯಾಸಿಗಳು ಅದನ್ನು 'ಡಾಬ್ಸೋನಿಯನ್' ಎಂದೇ ಕರೆಯುತ್ತಾರೆ. ಅವರೋ, ಇದರಲ್ಲಿ ನನ್ನದೇನಿದೆ, ಹಳೆಯ ಕಾಲದ ಫಿರಂಗಿಗಳನ್ನು ಹೀಗೆಯೇ ಕೂರಿಸುತ್ತಿದ್ದರಲ್ಲ ಎಂದುಬಿಡುತ್ತಿದ್ದರು. ಸಿಲಿಕಾನ್ ಕಣಿವೆಯಲ್ಲಿ ಪೇಟೆಂಟುಗಳ ಫಲಕ ಗೋಡೆಗೆ ಹಾಕಿಕೊಂಡು ಕೂತ ನಮ್ಮಂಥವರಿಗೆ ಈ ಮಾತು ಸ್ವಲ್ಪ ಚುರುಕ್ ಎನ್ನಿಸುತ್ತದೆ!

ಅವರು ದೋಷವೇ ಇಲ್ಲದ ಮಹಾಪುರುಷರೆಂದು ಹೇಳುವ ಆಸೆ ನಮಗಿಲ್ಲ. ಮಹಾಸ್ಫೋಟದ ಸಿದ್ಧಾಂತವನ್ನು ಕೊನೆಯವರೆಗೂ ಒಪ್ಪಲಿಲ್ಲ. ವಿಶ್ವಕ್ಕೆ ಆದಿಯಿಲ್ಲ, ಅದು ತನ್ನನ್ನೇ ಮತ್ತೆ ಮತ್ತೆ ಹೊಸದು ಮಾಡಿಕೊಳ್ಳುತ್ತದೆ ಎಂದು ವಾದಿಸುತ್ತಿದ್ದರು. ಅದರಲ್ಲಿ ವೇದಾಂತದ ನೆರಳೂ ಇತ್ತು. ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಸಾಕ್ಷ್ಯಗಳೂ ಅವರ ಕಡೆಗಿರಲಿಲ್ಲ. ಆದರೆ ಅವರ ವಾದ ಒಪ್ಪದವರೂ ಅವರ ಕನ್ನಡಿಯಲ್ಲಿ ನೋಡಿದರು, ಅವರಿಂದ ಉಜ್ಜುವುದು ಕಲಿತರು. ಕಲಿಸುವುದಕ್ಕೆ ಅವರು ಯಾರ ಒಪ್ಪಿಗೆಯನ್ನೂ ಶುಲ್ಕವಾಗಿ ಕೇಳಿದವರಲ್ಲ. ಮುಂದೆ ಹಾಲಿವುಡ್‌ನ ವೇದಾಂತ ಸೊಸೈಟಿಯವರು ಪ್ರತಿವರ್ಷ ಅವರನ್ನು ಕರೆಸಿ, ದೂರದರ್ಶಕ ಕಟ್ಟುವ ತರಗತಿಯನ್ನೇ ನಡೆಸಿಸಿದರು ಎನ್ನುವುದು ಈ ಕಥೆಯಲ್ಲಿ ನಮಗೆ ಬಹಳ ಇಷ್ಟವಾದ ತಿರುವು.

ಇನ್ನು ನಮ್ಮ ಪಾಲಿನ ಕಥೆ.

2005ರಲ್ಲಿ ನಾವು ನಾಲ್ವರು ಸೇರಿ ಎಂಟು ಇಂಚಿನ ಕನ್ನಡಿ ಮಾಡಲು ಹೊರಟೆವು. ಡಾಬ್ಸನ್ನರ ಬಳಿ ಕಲಿತಿದ್ದ ನಿವೃತ್ತರೊಬ್ಬರು ವಾರಾಂತ್ಯದಲ್ಲಿ ಫ್ರೀಮಾಂಟಿನ ನಮ್ಮ ಗ್ಯಾರೇಜಿಗೆ ಬಂದು ಹೇಳಿಕೊಟ್ಟರು. ಎರಡು ಗಾಜಿನ ಬಿಲ್ಲೆ ಒಂದರ ಮೇಲೊಂದು. ನಡುವೆ ನೀರು ಮತ್ತು ಕಾರ್ಬೊರಂಡಮ್ ಪುಡಿ. ಮೇಲಿನದನ್ನು ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಾ, ಆಗಾಗ ಅದನ್ನು ಸ್ವಲ್ಪ ತಿರುಗಿಸುತ್ತಾ, ನಾವೂ ಪೀಪಾಯಿಯ ಸುತ್ತ ಹೆಜ್ಜೆ ಹಾಕುತ್ತಾ ಹೋಗಬೇಕು. ಪ್ರದಕ್ಷಿಣೆಯೇ ಸರಿ! ಮೇಲಿನದು ತಾನಾಗಿ ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಪುಡಿ ನುಣ್ಣಗಾಗುತ್ತಾ ಹೋಗಬೇಕು. ಕೊನೆಗೆ ಡಾಂಬರಿನಂಥ ರಾಳದ ಮೇಲೆ ಹೊಳಪು ಕೊಡಬೇಕು. ಆಮೇಲೆ ಒಂದು ಸಣ್ಣ ದೀಪ, ಒಂದು ಚೂಪು ಅಲಗು ಇಟ್ಟುಕೊಂಡು, ಫ್ರಾನ್ಸಿನ ಫೂಕೋ 1858ರಲ್ಲಿ ಹೇಳಿಕೊಟ್ಟ ಪರೀಕ್ಷೆ. ಒಂದು ಮಿಲಿಮೀಟರನ್ನು ಹತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಉಬ್ಬುತಗ್ಗೂ ನೆರಳಾಗಿ ಕಣ್ಣಿಗೆ ಕಾಣುತ್ತದೆ. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯಲ್ಲಿ ಉಜ್ಜಿ ಸಿದ್ಧಮಾಡಿದ, 1986ರಿಂದ ಕಾವಲೂರಿನಲ್ಲಿರುವ 2.34 ಮೀಟರಿನ ಆ ದೊಡ್ಡ ಕನ್ನಡಿಯ ಹಿಂದಿರುವುದೂ ಇದೇ ಉಜ್ಜುವ ವಿದ್ಯೆ ಎಂದು ತಿಳಿದಾಗ ನಮಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ.

ಹೆಮ್ಮೆ ಹೆಚ್ಚು ದಿನ ಉಳಿಯಲಿಲ್ಲ. ಹೊಳಪು ಕೊಡುವಾಗ ನಮ್ಮಲ್ಲೊಬ್ಬರು ಒಗೆಯದ ಏಪ್ರನ್ ಕಟ್ಟಿಕೊಂಡು ಬಂದರು. ಅದಕ್ಕೆ ಅಂಟಿದ್ದ ದಪ್ಪ ಪುಡಿಯ ಒಂದೇ ಒಂದು ಕಣ ಬಿದ್ದು ಕನ್ನಡಿಯ ಮೇಲೆ ಉದ್ದಕ್ಕೂ ಗೀರು. ಮೂರು ವಾರದ ಕೆಲಸ ನೀರಪಾಲು. ಆ ಹಿರಿಯರು ಬೈಯಲಿಲ್ಲ. ಪೈಪು ಹಿಡಿದು ಗ್ಯಾರೇಜಿನ ನೆಲವನ್ನು ನಮ್ಮ ಜೊತೆ ತಾವೂ ತೊಳೆದರು. ಎರಡು ಹಂತ ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡಿಸಿದರು. ಕನ್ನಡಿ ಮುಗಿದ ದಿನ ನಾವು ಲಕೋಟೆಯಲ್ಲಿ ಹಣ ಇಟ್ಟು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ನನಗೆ ಕಲಿಸಿದವರೂ ತೆಗೆದುಕೊಳ್ಳಲಿಲ್ಲ, ನೀವು ಇನ್ನಿಬ್ಬರಿಗೆ ಕಲಿಸಿ ಸಾಕು ಎಂದರು. ನಾವು ಖಂಡಿತ ಎಂದೆವು.

ಆಮೇಲೆ ಏನಾಯಿತು ಎನ್ನುವುದನ್ನು ನಾಚಿಕೆ ಬಿಟ್ಟು ಹೇಳಬೇಕು. ಏನೂ ಆಗಲಿಲ್ಲ. ಒಂದೆರಡು ವರ್ಷ ಗುರು, ಶನಿ, ಚಂದ್ರ ನೋಡಿದೆವು. ಆಮೇಲೆ 2008 ಬಂತು. ಕೆಲಸ ಹೋದವರು, ಉಳಿಸಿಕೊಳ್ಳಲು ಒದ್ದಾಡಿದವರು, ಮಕ್ಕಳ ಪರೀಕ್ಷೆ, ಮನೆಯ ಸಾಲ. ದೂರದರ್ಶಕ ಗ್ಯಾರೇಜಿನ ಮೂಲೆ ಸೇರಿತು. ಅದರ ಪೆಟ್ಟಿಗೆಯಲ್ಲಿ ಯುಗಾದಿ ಪಾಟ್‌ಲಕ್ಕಿನ ದೊಡ್ಡ ಇಡ್ಲಿ ಪಾತ್ರೆ ಕೂತಿತು. ಉಸ್ತಾದನ ಹಾಗೆ ಪಟ್ಟನ್ನು ಬಚ್ಚಿಡಬೇಕೆಂದು ನಾವೇನೂ ಅಂದುಕೊಂಡಿರಲಿಲ್ಲ. ಪುರುಸೊತ್ತಿಲ್ಲ ಎಂದುಕೊಂಡೆವು, ಅಷ್ಟೆ. ಆದರೆ ವಿದ್ಯೆಯ ಪಾಲಿಗೆ ಎರಡೂ ಒಂದೇ. ಸಾರಿನಪುಡಿಯ ಅಳತೆಯನ್ನು ಅಜ್ಜಿ ಮುಚ್ಚಿಟ್ಟಿರಲಿಲ್ಲವೇನೋ; ನಾವೇ ಕೇಳಲು ಪುರುಸೊತ್ತು ಮಾಡಿಕೊಳ್ಳಲಿಲ್ಲವೇನೋ!

2014ರ ಜನವರಿ 15ರಂದು ಡಾಬ್ಸನ್ ಬರ್ಬ್ಯಾಂಕಿನಲ್ಲಿ ತೀರಿಕೊಂಡರು. ಅವರಿಗೆ 98 ವರ್ಷ. ಸುದ್ದಿ ಓದಿದ ರಾತ್ರಿ ಇಡ್ಲಿ ಪಾತ್ರೆ ಹೊರಗೆ ಬಂತು. ಆ ಮಾರ್ಚ್‌ನಲ್ಲಿ ಅವರ ನೆನಪಿಗಾಗಿ ಅನೇಕ ಊರುಗಳಲ್ಲಿ ಹವ್ಯಾಸಿಗಳು ಫುಟ್‌ಪಾತಿನಲ್ಲಿ ದೂರದರ್ಶಕ ಇಟ್ಟರು. ನಾವೂ ನಮ್ಮದನ್ನು ಒರೆಸಿ, ಲೈಬ್ರರಿಯ ಮುಂದೆ ನಿಲ್ಲಿಸಿ, "ಬನ್ನಿ, ಗುರುಗ್ರಹ ನೋಡಿ" ಎಂದು ಕರೆದೆವು. ಎಷ್ಟು ದುಡ್ಡು ಎಂದು ಜನ ಹಿಂದೆಮುಂದೆ ನೋಡಿದರು. ಹತ್ತು ವರ್ಷದ ಹಿಂದಿನ ನಮ್ಮದೇ ಮುಖ ಅಲ್ಲಿ ಕಂಡಿತು.

ಆ ರಾತ್ರಿ ಸಾಲಿನಲ್ಲಿ ನಿಂತಿದ್ದ ಒಬ್ಬ ಹೈಸ್ಕೂಲ್ ಹುಡುಗಿ, ಇದನ್ನು ಮಾಡುವುದು ಹೇಗೆ ಎಂದು ಕೇಳಿದಳು. ಒಂದು ವರ್ಷ ಹಿಡಿಯಿತು, ಅವಳು ಆರು ಇಂಚಿನ ಕನ್ನಡಿ ಮುಗಿಸಿದಳು. ಉಜ್ಜುವಾಗ ನಮ್ಮಲ್ಲಿ ಅರ್ಧ ಮರೆತೇ ಹೋಗಿತ್ತು. ಅವಳಿಗೆ ಹೇಳಿಕೊಡುತ್ತಾ ನಾವೇ ಎರಡನೇ ಸಲ ಕಲಿತೆವು. ಅವಳಿಗೆ ಕೊಟ್ಟದ್ದರಿಂದಲೇ ನಮ್ಮಲ್ಲಿ ಉಳಿಯಿತು ಎನ್ನಬೇಕು.

ಅಮ್ಮ ತುಮಕೂರಿಗೆ ಹಿಂತಿರುಗಿದ ಮೇಲೂ ಶನಿವಾರದ ದೀಪ ಬಿಡಲಿಲ್ಲ. ಫೋನಿನಲ್ಲಿ ಮಗ ತಮಾಷೆ ಮಾಡಿದರೆ, "ಈಗ ಹೆದರಿ ಹಚ್ಚುವುದಲ್ಲ ಕಣೋ, ಮುಖ ನೋಡಿದ ಪರಿಚಯಕ್ಕೆ ಹಚ್ಚುವುದು" ಎನ್ನುತ್ತಿದ್ದರು.

ಗೆಳೆಯರೇ, ಇಬ್ಬರಿಗೆ ಕಲಿಸುತ್ತೇವೆ ಎಂದಿದ್ದೆವು. ಒಬ್ಬಳಾದಳು, ಇನ್ನೊಬ್ಬರ ಬಾಕಿ ಇದೆ. ಎಂಟು ಇಂಚಿನ ಎರಡು ಗಾಜಿನ ಬಿಲ್ಲೆ, ಒಂದು ಡಬ್ಬಿ ಪುಡಿ ಮತ್ತು ಚೆನ್ನಾಗಿ ಒಗೆದ ಒಂದು ಏಪ್ರನ್ ನಮ್ಮ ಗ್ಯಾರೇಜಿನಲ್ಲಿ ಕಾದಿವೆ. ಗಣಿತ ಬರಬೇಕಾಗಿಲ್ಲ, ವಯಸ್ಸಿನ ನಿರ್ಬಂಧವಿಲ್ಲ, ಶುಲ್ಕವಿಲ್ಲ. ಶನಿವಾರ ಬೆಳಗ್ಗೆ ಬನ್ನಿ. ಕಾಫಿ ನಮ್ಮದು.